ಮೊದಲ ಹಳದಿ ದೋಸೆ ಯಾರಿಗೆ

ಮೆಕ್ಕೆಜೋಳವನ್ನು ನಾನು ಇಪ್ಪತ್ತು ವರ್ಷಗಳಿಂದ ದಿನವೂ ಬಾಯಿಗೆ ಹಾಕಿಕೊಳ್ಳುತ್ತಿದ್ದೇನೆ. ನುಂಗಿದ್ದು ಮಾತ್ರ ಹೋದ ದಸರಾದಲ್ಲಿ.

ಶಿವಮೊಗ್ಗದ ಮಾರುಕಟ್ಟೆ ಯಾರ್ಡಿನಲ್ಲಿ ನನ್ನದೊಂದು ಮಂಡಿ ಇದೆ. ಆಯನೂರು ಕಡೆಯ ರೈತರು ಟ್ರ್ಯಾಕ್ಟರಿನಲ್ಲಿ ಜೋಳ ತಂದು ಸುರಿದಾಗ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸುತ್ತೇನೆ. ಒಳಗಿನದೊಂದು ಕಾಳು ತೆಗೆದು ದವಡೆ ಹಲ್ಲಿನಲ್ಲಿ ಕಚ್ಚುತ್ತೇನೆ. ಕಟ್ ಎಂದರೆ ಒಣಗಿದೆ. ಮೆತ್ತಗೆ ಎರಡು ಹೋಳಾದರೆ ಇನ್ನೂ ಬಿಸಿಲು ಕಾಣಬೇಕು. ತೇವ ಅಳೆಯುವ ಮಿಷನ್ನು ಮೇಜಿನ ಮೇಲೆಯೇ ಇದೆ, ಆದರೂ ಅದಕ್ಕಿಂತ ನನ್ನ ಹಲ್ಲನ್ನು ನಂಬುವ ರೈತರೇ ಹೆಚ್ಚು. ಈ ಮಾತಿನಲ್ಲಿ ಸ್ವಲ್ಪ ಜಂಬವಿದೆ, ಇರಲಿ. ಕಚ್ಚಿ ನೋಡಿದ ಮೇಲೆ ಪಕ್ಕಕ್ಕೆ ತಿರುಗಿ ಉಗಿಯುತ್ತೇನೆ.

ಉಗಿಯದೆ ಇನ್ನೇನು ಮಾಡಬೇಕು? ನಮ್ಮ ಕಡೆ ಅದನ್ನು ತಿನ್ನುವವರು ಯಾರಿದ್ದಾರೆ? ಎಳೆ ತೆನೆಯನ್ನು ಕೆಂಡದ ಮೇಲೆ ಸುಟ್ಟು, ನಿಂಬೆಹಣ್ಣು ಖಾರ ಸವರಿ ತಿನ್ನುವುದು ಬೇರೆ ಮಾತು. ಒಣಗಿದ ಜೋಳವೆಲ್ಲ ಕೋಳಿ ಫಾರಂಗೆ, ಇಲ್ಲವೇ ದನದ ಹಿಂಡಿಗೆ. ಬೆಳೆಯುವ ರೈತನೂ ತಿನ್ನುವುದಿಲ್ಲ, ಮಾರುವ ನಾನೂ ತಿನ್ನುವುದಿಲ್ಲ. ಅದರಲ್ಲಿ ತಪ್ಪೇನಾದರೂ ಇದೆ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಅರ್ಧ ತಲೆ ನೆರೆತ ಮೇಲೆ ನನಗೆ ಮದುವೆಯಾಯಿತು. ಯಾರ್ಡಿನ ಗೆಳೆಯರು 'ಕೊನೇ ಲೋಡಿಗೆ ಒಳ್ಳೇ ರೇಟು ಸಿಕ್ತು ಬಿಡು ಮಾರಾಯ' ಎಂದು ತಮಾಷೆ ಮಾಡಿದರು. ಹೆಂಡತಿ ಇಲ್ಲಿಯದೇ ಒಂದು ಆಸ್ಪತ್ರೆಯಲ್ಲಿ ನರ್ಸು. ಮೊದಲ ಗಂಡ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಜ್ವರವೆಂದು ಆಸ್ಪತ್ರೆ ಸೇರಿದವರು ಮನೆಗೆ ಮರಳಲಿಲ್ಲ. ಆಗ ಮಗಳಿಗೆ ಐದು ವರ್ಷ. ಈಗ ಒಂಬತ್ತು. ತಾಯಿ ಕೆಲಸಕ್ಕೆ ಶಿವಮೊಗ್ಗಕ್ಕೆ ಓಡಾಡುತ್ತಿದ್ದ ಅಷ್ಟೂ ವರ್ಷ ಆ ಮಗುವನ್ನು ಸಾಕಿದವರು ಭದ್ರಾವತಿಯ ಅಜ್ಜಿ, ಅಂದರೆ ನನ್ನ ಅತ್ತೆ.

ಮದುವೆಯಾದಾಗ ಅತ್ತೆ ಒಂದು ಮಾತು ಹೇಳಿದ್ದರು. ಮಗು ಜೂನ್‌ನಿಂದ ಶಿವಮೊಗ್ಗದ ಶಾಲೆಗೆ ಸೇರಲಿ, ನಮ್ಮ ಜೊತೆ ಇರಲಿ. ದಸರಾ ರಜೆಯ ಹೊತ್ತಿಗೆ ಎಲ್ಲಿರಬೇಕೆಂದು ಅವಳೇ ಹೇಳಲಿ. 'ಅವಳಿಗೆ ಒಗ್ಗಲಿಲ್ಲ ಅಂದ್ರೆ ನಾನ್ ಕರ್ಕೊಂಡು ಬರ್ತೀನಿ, ನೀವಿಬ್ರೂ ಅಡ್ಡ ಬರಬಾರದು' ಎಂದಿದ್ದರು. ಹಳೆಯ ಶಾಲೆಯವರು ಮತ್ತೆ ಸೇರಿಸಿಕೊಳ್ಳುತ್ತಾರೆಯೇ ಎಂದೂ ಮೊದಲೇ ಕೇಳಿಟ್ಟಿದ್ದರು. ನನ್ನ ಹೆಂಡತಿ ಒಪ್ಪಿದಳು. ಆದರೆ ಒಮ್ಮೆ ಬಟ್ಟೆ ಮಡಚುತ್ತ, ನನ್ನ ಮುಖ ನೋಡದೆ ಹೇಳಿದಳು: 'ಅವಳು ಅಲ್ಲಿಗೆ ಹೋದ್ರೆ ನಾನೂ ಅರ್ಧ ಅಲ್ಲೇ ಇರ್ತೀನಿ. ನಿಮಗೆ ಬೇಜಾರಾಗಬಾರದು.' ಬೇಜಾರಾಗದೆ ಇರುತ್ತದೆಯೇ? ಆದರೆ ಆ ಮಾತು ನ್ಯಾಯವಾಗಿತ್ತು. ಆ ಮಗು ಉಳಿದರೆ ಮಾತ್ರ ಗೋಪಾಳ ಬಡಾವಣೆಯ ನನ್ನ ಮನೆಯಲ್ಲಿ ನನಗೊಂದು ಸಂಸಾರ ಉಳಿಯುತ್ತದೆ ಎಂಬುದು ಆ ದಿನವೇ ನನಗೆ ಗೊತ್ತಾಯಿತು.

ಹೆಂಡತಿಗೆ ಬೆಳಗಿನ ಪಾಳಿ ಇದ್ದ ದಿನ ಅವಳು ಬೆಳಕು ಹರಿಯುವ ಹೊತ್ತಿಗೇ ಹೊರಡುತ್ತಾಳೆ. ಆಗ ತಿಂಡಿ ನನ್ನ ಪಾಲಿಗೆ. ಅಮ್ಮ ತೀರಿಕೊಂಡ ಮೇಲೆ ಎಷ್ಟೋ ವರ್ಷ ಒಬ್ಬನೇ ಬೇಯಿಸಿಕೊಂಡು ತಿಂದವನು, ಉಪ್ಪಿಟ್ಟು ದೋಸೆ ನನಗೇನು ದೊಡ್ಡದಲ್ಲ. ಆದರೆ ಹುಡುಗಿಗೆ ಯಾವುದೂ ಸೇರುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತು ಎರಡು ತುತ್ತು ತಿಂದು, 'ಸಾಕು' ಎಂದು ಮೆಲ್ಲಗೆ ತಟ್ಟೆ ತಳ್ಳುತ್ತಿದ್ದಳು. ಜಗಳವಿಲ್ಲ, ಹಟವಿಲ್ಲ. ಹಟ ಮಾಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ನೆಂಟರ ಮನೆಗೆ ಬಂದ ಮಕ್ಕಳು ಹಾಗೆ ನಯವಾಗಿ ಇರುತ್ತವೆ. ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ಏನಾದರೂ ಬೇಕಿದ್ದರೆ ಹತ್ತಿರ ಬಂದು ನಿಂತು 'ಇಲ್ನೋಡಿ' ಎನ್ನುತ್ತಿದ್ದಳು, ಅಷ್ಟೇ.

ಒಂದು ದಿನ ನಾನು ಸೋತು ಕೇಳಿದೆ. 'ನೋಡು ತಾಯಿ, ಏನ್ ಮಾಡಿದ್ರೆ ತಿಂತೀಯ, ಅದನ್ನಾದ್ರೂ ಹೇಳು.'

ಅವಳು ಲೋಟದ ಹಾಲನ್ನೇ ನೋಡುತ್ತ, 'ಹಳದಿ ದೋಸೆ' ಎಂದಳು. ಆಮೇಲೆ, 'ಅಪ್ಪ ಮಾಡ್ತಿದ್ರು. ಭಾನುವಾರ' ಎಂದಳು.

ಸಂಜೆ ಹೆಂಡತಿಯನ್ನು ಕೇಳಿದೆ. ಅವಳು ನಕ್ಕಳು. ಕಾರ್ಖಾನೆಯಲ್ಲಿ ಅವರ ಜೊತೆ ಪಾಳಿ ಮಾಡುತ್ತಿದ್ದ ಒಬ್ಬ ತೆಲುಗಿನವನಿಂದ ಅವರು ಅದನ್ನು ಕಲಿತಿದ್ದರಂತೆ. ಮೆಕ್ಕೆಜೋಳದ ಹಿಟ್ಟಿಗೆ ಬೆಲ್ಲ ಹಾಕಿ, ಅಂಗೈಯಗಲ, ದಪ್ಪಗೆ. ಭಾನುವಾರ ಬೆಳಿಗ್ಗೆ ಅಡುಗೆಮನೆಗೆ ಬೇರೆ ಯಾರನ್ನೂ ಬಿಡುತ್ತಿರಲಿಲ್ಲ, ಮಗಳನ್ನು ಮಾತ್ರ ಸ್ಟೂಲಿನ ಮೇಲೆ ಕೂರಿಸಿಕೊಳ್ಳುತ್ತಿದ್ದರಂತೆ. ಹೆಂಡತಿಗೂ ಹದ ಗೊತ್ತಿಲ್ಲ. 'ಅಂಗಡೀಲಿ ಪ್ಯಾಕೆಟ್ ಹಿಟ್ಟು ಸಿಗುತ್ತೇನೋ ನೋಡಿ' ಎಂದಳು.

ಪ್ಯಾಕೆಟ್ಟು! ಮಂಡಿ ತುಂಬ ಜೋಳ ಇಟ್ಟುಕೊಂಡವನು ಪ್ಯಾಕೆಟ್ ಹಿಟ್ಟು ತರುವುದೆಂದರೆ ಊರವರೆಲ್ಲ ನಗುವುದಿಲ್ಲವೇ? ಮರುದಿನವೇ ಬಂದ ಮಾಲಿನಲ್ಲೆಲ್ಲ ಕಚ್ಚಿ ಕಚ್ಚಿ ನೋಡಿ, ಕಲ್ಲಿನಂತೆ ಒಣಗಿದ, ಕೆಂಪಗೆ ಹೊಳೆಯುವ ಮೊದಲ ದರ್ಜೆಯ ಜೋಳ ಆರಿಸಿ ಚೀಲಕ್ಕೆ ತುಂಬಿಕೊಂಡೆ. ನನ್ನ ಲೆಕ್ಕದಲ್ಲಿ ಅದಕ್ಕಿಂತ ಒಳ್ಳೆಯದು ಜಿಲ್ಲೆಯಲ್ಲೇ ಇರಲಿಲ್ಲ.

ಗಿರಣಿಯಲ್ಲಿ ಇನ್ನೊಂದು ಕಥೆ. ಹಿಟ್ಟಿನ ಗಿರಣಿಯಲ್ಲಿ ಜನ ಬಂದ ಸರದಿಗಿಂತ ಕಾಳಿನ ಸರದಿ ದೊಡ್ಡದು. ಅಕ್ಕಿಯ ಹಿಂದೆ ಅಕ್ಕಿ, ಗೋಧಿಯ ಹಿಂದೆ ಗೋಧಿ. ರಾಗಿಯ ಹಿಂದೆ ತಮ್ಮ ಅಕ್ಕಿ ಬೀಳಲು ಯಾರೂ ಒಪ್ಪುವುದಿಲ್ಲ. ನನ್ನ ಚೀಲದ ಬಾಯಿ ಬಿಚ್ಚಿದ್ದೇ ತಡ, ಸಾಲಿನಲ್ಲಿದ್ದ ಹೆಂಗಸರು ತಮ್ಮ ತಮ್ಮ ಡಬ್ಬಿಗಳನ್ನು ಹತ್ತಿರ ಎಳೆದುಕೊಂಡರು.

'ಏನ್ರೀ, ಕೋಳಿ ಸಾಕಿದೀರಾ?' ಎಂದ ಗಿರಣಿಯವನು.

'ಇಲ್ಲ ಮಾರಾಯ, ಮನೇಗೆ. ದೋಸೆಗೆ.'

'ದೋಸೆಗಾ?' ಅವನು ನನ್ನ ಮುಖವನ್ನೂ ಚೀಲವನ್ನೂ ಎರಡೆರಡು ಸಲ ನೋಡಿದ. 'ಹಾಗಾದ್ರೆ ಎಲ್ಲರದ್ದೂ ಆಗ್ಲಿ, ಕೊನೇಗೆ ಹಾಕ್ತೀನಿ. ಇದಾದ ಮೇಲೆ ಕಲ್ಲು ತೊಳೀಬೇಕು.'

ನನಗೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡಿಕೊಂಡರೆ ಹಿಟ್ಟು ಸಿಗುವುದಿಲ್ಲ, ಆದ್ದರಿಂದ ಬಾಗಿಲ ಬಳಿ ನಿಂತು ಕಾದೆ.

ಮೊದಲ ಭಾನುವಾರದ ದೋಸೆಯ ಬಗ್ಗೆ ಹೆಚ್ಚು ಹೇಳುವ ಹಾಗಿಲ್ಲ. ಹಿಟ್ಟಿಗೆ ನೀರು ಬೆಲ್ಲ ಕಲಸಿ ಹಂಚಿನ ಮೇಲೆ ಹೊಯ್ದೆ. ಹೆಂಚಿನಷ್ಟು ಗಟ್ಟಿಯಾಗಿ, ಅಂಚಿನಲ್ಲಿ ಸೀದು, ನಡುವೆ ಹಸಿಯಾಗಿ ಎದ್ದಿತು. ಅವಳ ತಟ್ಟೆಗೆ ಹಾಕಿದೆ. ಅವಳು ಒಂದು ತುಂಡು ಮುರಿದು ಬಾಯಿಗಿಟ್ಟು ಕಚ್ಚಿದಳು. ಕಟ್ ಎಂದಿತು. ಮೆಲ್ಲಗೆ ಪಕ್ಕಕ್ಕೆ ತಿರುಗಿ ಅಂಗೈಗೆ ಉಗಿದಳು.

ನಾನು ಜೋರಾಗಿ ನಕ್ಕುಬಿಟ್ಟೆ. ಅಷ್ಟೂ ವರ್ಷ ನಾನು ಮಾಡಿಕೊಂಡು ಬಂದದ್ದನ್ನೇ ಅವಳು ಅಚ್ಚುಕಟ್ಟಾಗಿ ಮಾಡಿ ತೋರಿಸಿದ್ದಳು. 'ಒಣಗಿದೆ, ಅಲ್ವಾ? ಮೊದಲ್ನೇ ದರ್ಜೆ ಮಾಲು' ಎಂದೆ. ಯಾಕೆ ನಗುತ್ತಿದ್ದೇನೆಂದು ಅವಳಿಗೆ ತಿಳಿಯಲಿಲ್ಲ, ಆದರೂ ತುಟಿಯ ಒಂದು ಮೂಲೆ ಮೇಲೆದ್ದಿತು. ಆಮೇಲೆ ತಾನಾಗಿಯೇ ಹೇಳಿದಳು: 'ಅಪ್ಪ ಹಿಂದಿನ ದಿನಾನೇ ಬಿಸಿನೀರು ಹಾಕಿ ಮುಚ್ಚಿಡ್ತಿದ್ರು.'

ಅಲ್ಲಿಂದ ಮುಂದೆ ಅವಳೇ ಗುರು, ನಾನೇ ಶಿಷ್ಯ. ಐದು ವರ್ಷದ ಮಗು ಸ್ಟೂಲಿನ ಮೇಲೆ ಕೂತು ನೋಡಿದ್ದು ಅವಳ ತಲೆಯಲ್ಲಿ ಚೂರು ಚೂರಾಗಿ ಉಳಿದಿತ್ತು. ಒಂದೊಂದು ಭಾನುವಾರ ಒಂದೊಂದು ಚೂರು ಹೊರಗೆ ಬರುತ್ತಿತ್ತು. ಮಜ್ಜಿಗೆ ಹಾಕುತ್ತಿದ್ದರು. ಗೋಧಿಹಿಟ್ಟು ಒಂದು ಹಿಡಿ. ಹಂಚಿಗೆ ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರುತ್ತಿದ್ದರು, ಆ ಈರುಳ್ಳಿಗೆ ಫೋರ್ಕ್ ಚುಚ್ಚಿರುತ್ತಿತ್ತು. ಮುಚ್ಚಳ ತೆಗೆದಾಗ ಮೇಲೆಲ್ಲ ತೂತು ಬಿದ್ದಿದ್ದರೆ ಮಗುಚಬೇಕು, ಇಲ್ಲದಿದ್ದರೆ ಮತ್ತೆ ಮುಚ್ಚಬೇಕು. ಅಳತೆ ಅವಳಿಗೆ ಗೊತ್ತಿಲ್ಲ, ಹದ ನನಗೆ ಗೊತ್ತಿಲ್ಲ. ಕುರುಡ ಕುಂಟ ಸೇರಿ ದಾರಿ ನಡೆದಂತೆ ಇಬ್ಬರೂ ಹೇಗೋ ಮುಂದೆ ಹೋದೆವು. ನುಣ್ಣಗೆ ಬೀಸಿಸಬೇಕೆಂದು ನಾನು ಮತ್ತೊಮ್ಮೆ ಗಿರಣಿಗೆ ಹೋದಾಗ ಅವಳೂ ಸ್ಕೂಟರಿನ ಹಿಂದೆ ಕೂತು ಬಂದಳು. ಆಲ್ಕೊಳ ಸರ್ಕಲ್ಲಿನಲ್ಲಿ ಬಸ್ಸೊಂದು ಅಡ್ಡ ಬಂದಾಗ ನನ್ನ ಅಂಗಿಯನ್ನು ಹಿಡಿದುಕೊಂಡಳು. ಅವಳು ಅಂಗಿ ಬಿಡದಿರಲೆಂದು ಉಳಿದ ದಾರಿಯಲ್ಲಿ ನಾನು ಬೇಕೆಂದೇ ಒಂದೆರಡು ಗುಂಡಿ ಹಾರಿಸಿದೆ.

ಕೆಟ್ಟ ದೋಸೆಗಳೆಲ್ಲ ಕಸದ ಬುಟ್ಟಿಯ ಪಾಲಾದವು. ಒಂದಿಷ್ಟು ತಿನ್ನುವ ಹಾಗಿದ್ದವನ್ನು ಅವಳು ಬೆಲ್ಲ ಹಚ್ಚಿಕೊಂಡು ತಿಂದಳು. ನಾನು ನನ್ನ ಮಟ್ಟಿಗೆ ಅವಲಕ್ಕಿ ಕಲಸಿಕೊಳ್ಳುತ್ತಿದ್ದೆ. 'ನಿಮಗೆ?' ಎಂದು ಅವಳು ಒಂದು ಸಲ ಕೇಳಿದ್ದಳು. 'ನನಗೆ ಅವಲಕ್ಕಿ ಇದೆಯಲ್ಲ' ಎಂದಿದ್ದೆ. ಅದು ಸಹಜವಾಗಿಯೇ ಬಂದ ಮಾತು.

ದಸರಾ ರಜೆಗೆ ಮುಂಚಿನ ಭಾನುವಾರ ದೋಸೆ ಚೆನ್ನಾಗಿ ಬಂತು. ಸಂಪಿಗೆ ಬಣ್ಣ, ಮೇಲೆಲ್ಲ ತೂತು, ಅಂಚು ಒಣಗಿ ತಾನೇ ಹಂಚು ಬಿಟ್ಟು ಎದ್ದಿತು. ಏಲಕ್ಕಿ ಬೆಲ್ಲದ ವಾಸನೆ ಮನೆ ತುಂಬಿತ್ತು. ಅವಳು ಸ್ಟೂಲಿನ ಮೇಲೆ ಕಾಲು ಆಡಿಸುತ್ತ, 'ಇದೇ, ಇದೇ ಥರ' ಎಂದಳು. ಆ ಹೊತ್ತಿಗೆ ಸರಿಯಾಗಿ ಗೇಟಿನಲ್ಲಿ ಹಸು ಕೂಗಿತು.

ಆ ಹಸುವಿನ ವಿಷಯ ಹೇಳಬೇಕು. ಕೆಳಗಿನ ಬೀದಿಯ ಯಾರದೋ ಮನೆಯದು, ಕಂದು ಬಣ್ಣ, ಒಂದು ಕೊಂಬು ಮುರಿದಿದೆ. ನಮ್ಮಮ್ಮ ಇದ್ದಾಗಿನಿಂದ ದಿನವೂ ತಿಂಡಿಯ ಹೊತ್ತಿಗೆ ಬಂದು ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಒಲೆಯ ಮೇಲಿಂದ ಇಳಿದ ಮೊದಲ ರೊಟ್ಟಿ, ಮೊದಲ ದೋಸೆ ಹಸುವಿಗೆ. ಉಳಿದದ್ದು ಮನುಷ್ಯರಿಗೆ. ಸೀದದ್ದು, ತಂಗಳು, ಮಿಕ್ಕದ್ದು ಕೊಡಬಾರದು ಎಂಬುದು ಅಮ್ಮನ ಕಟ್ಟಪ್ಪಣೆ: 'ನಾವು ತಿನ್ನದ್ದನ್ನ ಅದಕ್ಕೆ ಹಾಕಿದ್ರೆ ಅದು ಕೊಟ್ಟ ಹಾಗಲ್ಲ, ಎಸೆದ ಹಾಗೆ.' ಅದಕ್ಕೇ ಹಿಂದಿನ ಭಾನುವಾರಗಳಲ್ಲಿ ನನ್ನ ಹೆಂಚು ದೋಸೆಗಳನ್ನು ಹಸುವಿಗೆ ಕೊಡಲು ನಾಚಿ, ಬಾಳೆಹಣ್ಣು ಕೊಟ್ಟು ಕಳಿಸಿದ್ದೆ. ಉಳಿದ ದಿನಗಳಲ್ಲಿ ಹುಡುಗಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಈ ಕೆಲಸ ಮುಗಿದಿರುತ್ತಿತ್ತು. ಅವಳು ಒಮ್ಮೆಯೂ ನೋಡಿರಲಿಲ್ಲ.

ಆ ದಿನ ನಾನು ಎಷ್ಟು ಹಿಗ್ಗಿದ್ದೆನೆಂದರೆ, ಬಾಳೆ ಎಲೆಯ ತುಂಡಿನ ಮೇಲೆ ಆ ಮೊದಲ ಬಂಗಾರದಂಥ ದೋಸೆಯನ್ನು ಇಟ್ಟುಕೊಂಡು, ಊದಿ ಆರಿಸುತ್ತ ಗೇಟಿಗೆ ಹೋದೆ. ಹಸು ಒಂದೇ ತುತ್ತಿಗೆ ತಿಂದು ನನ್ನ ಕೈ ನೆಕ್ಕಿತು. 'ಹೇಗಿದೆ?' ಎಂದು ಅದನ್ನೂ ಕೇಳಿದೆ. ಒಳಗೆ ಬಂದು ನೋಡಿದರೆ ಸ್ಟೂಲು ಖಾಲಿ. ಹುಡುಗಿ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. 'ಎರಡನೇದು ಹಾಕ್ತೀನಿ ಬಾ' ಎಂದೆ. 'ಹೊಟ್ಟೆ ನೋವು' ಎಂದಳು. ಮುಟ್ಟಲು ಹೋದರೆ ಭುಜ ಸರಿಸಿದಳು.

ಸಂಜೆ ತಾಯಿಯ ಹತ್ತಿರ ಹೇಳಿದ್ದು ಒಂದೇ ಮಾತು. 'ನಾನ್ ಅಜ್ಜಿ ಮನೇಲೇ ಇರ್ತೀನಿ.'

ಯಾಕೆ ಎಂದು ತಾಯಿ ಕೇಳಿದಳು, ನಾನು ಕೇಳಿದೆ. ಹುಡುಗಿ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು. ರಜೆ ಶುರುವಾದಾಗ ತಾಯಿ ಅವಳನ್ನು ಭದ್ರಾವತಿಗೆ ಬಿಟ್ಟು ಬಂದಳು. ರಜೆಗೆ ಹೋಗುವವರು ಎರಡು ಜೊತೆ ಬಟ್ಟೆ ಒಯ್ಯುತ್ತಾರೆ. ಅವಳು ಶಾಲೆಯ ಚೀಲ, ಚಳಿಗಾಲದ ಸ್ವೆಟರು, ಹಲ್ಲುಜ್ಜುವ ಬ್ರಶ್ಶು ಎಲ್ಲವನ್ನೂ ತುಂಬಿಕೊಂಡಿದ್ದಳು. ನೀರಿನ ಮನೆಯ ಲೋಟದಲ್ಲಿ ನಮ್ಮಿಬ್ಬರ ಬ್ರಶ್ಶು ಮಾತ್ರ ನಿಂತಿದ್ದನ್ನು ನೋಡಿ ನನಗೆ ಅಳು ಬಂತು. ಗಂಡಸು, ಮಂಡಿ ಸಾಹುಕಾರ, ಒಂದು ಪ್ಲಾಸ್ಟಿಕ್ ಬ್ರಶ್ಶಿಗಾಗಿ ಕಣ್ಣೀರು ಹಾಕಿದೆ. ಹೆಂಡತಿ ನೋಡಿಯೂ ನೋಡದವಳ ಹಾಗೆ ಹೋಗಿ ಹಾಲು ಕಾಯಿಸಿದಳು.

ಮುಂದಿನ ಶನಿವಾರ ಸಂಜೆ ಏನೋ ಯೋಚನೆಯಲ್ಲಿ ಅಭ್ಯಾಸಬಲದಿಂದ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ಮುಚ್ಚಿಟ್ಟುಬಿಟ್ಟಿದ್ದೆ. ಬೆಳಿಗ್ಗೆ ಎದ್ದು ಅಡುಗೆಮನೆಗೆ ಬಂದರೆ ಪಾತ್ರೆಯಲ್ಲಿ ಹಿಟ್ಟು ಅರಳಿಕೊಂಡು ಕೂತಿದೆ, ತಿನ್ನುವವರಿಲ್ಲ. ಹೆಂಡತಿ ಪಾಳಿಗೆ ಹೋಗಿದ್ದಳು. ಚೆಲ್ಲಲು ಮನಸ್ಸಾಗಲಿಲ್ಲ. ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಹಸುವಿಗೆ ಎರಡು ಬಾಳೆಹಣ್ಣು ಕೊಟ್ಟು, ಡಬ್ಬಿಯನ್ನು ಸ್ಕೂಟರಿನ ಮುಂದೆ ಕಾಲಸಂದಿಯಲ್ಲಿ ಇಟ್ಟುಕೊಂಡು ಭದ್ರಾವತಿಗೆ ಹೊರಟೆ. ಅಲ್ಲಿ ಹೋಗಿ ಏನು ಮಾತಾಡಬೇಕೆಂದು ಗೊತ್ತಿರಲಿಲ್ಲ. ಕೆಟ್ಟ ಕೋಪವೂ ಬಂದಿತ್ತು: ಮಗು ನನ್ನ ತಪ್ಪೇನೆಂದು ಹೇಳಲಿ, ಬಯ್ಯಲಿ, ಏನೂ ಹೇಳದೆ ಬ್ರಶ್ಶು ತೆಗೆದುಕೊಂಡು ಹೋಗುವುದು ಎಂದರೇನು?

ಹೊಳೆ ದಾಟಿ ಅತ್ತೆಯ ಮನೆ ಮುಟ್ಟಿದಾಗ ಅವರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಹುಡುಗಿ ಪಕ್ಕದ ಮನೆಗೆ ಆಡಲು ಹೋಗಿದ್ದಳು. ಅತ್ತೆ ನನ್ನ ಮುಖ ನೋಡಿದರು, ಡಬ್ಬಿ ನೋಡಿದರು.

'ಕೂತ್ಕೊಳ್ಳಿ. ನಾನೇ ಕೇಳ್ಬೇಕು ಅಂತಿದ್ದೆ. ಏನ್ ಮಾಡಿದ್ರಿ ಮಗೂಗೆ? ಬಂದಾಗಿನಿಂದ ನಿಮ್ಮ ಸುದ್ದಿ ಎತ್ತಿದ್ರೆ ಎದ್ದು ಹೋಗ್ತಾಳೆ.'

'ದೋಸೆ ಮಾಡಿದೆ' ಎಂದೆ. ಹಾಗೆ ಹೇಳಿದಾಗ ನನಗೇ ಅದು ಹುಚ್ಚು ಮಾತಿನಂತೆ ಕೇಳಿತು. ಮೊದಲಿನಿಂದ ಎಲ್ಲ ಹೇಳಿದೆ. ಗಿರಣಿ, ಬಿಸಿನೀರು, ಈರುಳ್ಳಿ, ಕೊನೆಗೆ ಚೆನ್ನಾಗಿ ಬಂದ ದೋಸೆ, ಅದನ್ನು ಹಸುವಿಗೆ ಕೊಟ್ಟು ಬಂದದ್ದು.

ಅತ್ತೆಯ ಕೈ ನಿಂತಿತು. 'ಹಸೂಗೆ ಕೊಟ್ರಾ? ಅವಳ ಎದುರಿಗೆ?'

'ಹೌದು. ನಮ್ಮನೇಲಿ ಮೊದಲ್ನೇದು ಹಸುಗೇ ಕೊಡೋದು.'

ಅವರು ಅವರೆಕಾಯಿ ಮೊರವನ್ನು ಪಕ್ಕಕ್ಕೆ ಸರಿಸಿದರು. ಬೀದಿಯ ಕಡೆ ನೋಡುತ್ತ ಹೇಳತೊಡಗಿದರು. ಆಗ ಇಲ್ಲೇ ಜೊತೆಗಿದ್ದ ಮೊದಲ ಅಳಿಯ ಈ ದೋಸೆ ಮಾಡಲು ಶುರು ಮಾಡಿದಾಗ ಈ ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲವಂತೆ. ಮಾವನವರು ಇದ್ದಷ್ಟು ದಿನ 'ದನದ ತಿಂಡಿ' ಎಂದು ಹಂಗಿಸುತ್ತಿದ್ದರಂತೆ. 'ಆಗ ನಮ್ಮನೇಲಿ ಎಮ್ಮೆ ಇತ್ತು. ಒಂದಿನ ನನಗೇನ್ ಬಂತೋ, ಅವರು ಮಾಡಿಟ್ಟಿದ್ದನ್ನೆಲ್ಲ ತಗೊಂಡು ಹೋಗಿ ಎಮ್ಮೆ ಬಾನಿಗೆ ಹಾಕ್ಬಿಟ್ಟೆ. ಈ ಮಗು ನೋಡ್ತಾ ಇತ್ತು. ಏನ್ ಅಳು ಅಂತೀರಿ. ಅಪ್ಪಂದು ದನ ತಿನ್ನೋದಲ್ಲ ಅಂತ ನನ್ನ ಸೆರಗು ಹಿಡ್ಕೊಂಡು ಎಳೆದಾಡ್ತು.'

'ಅವರು ಏನಂದ್ರು?'

'ಏನೂ ಅನ್ನಲಿಲ್ಲ ಮಾರಾಯ್ರೆ. ನಕ್ಕರು. ಆಮೇಲೆ ಪ್ರತಿ ಭಾನುವಾರ ಮೊದಲ್ನೇ ದೋಸೆ ಅಲ್ಲೇ ಒಲೆ ಮುಂದೆ ನಿಂತು ತಾವೇ ತಿಂದು, ಮಗು ಕಡೆ ತಿರುಗಿ ಅಂಬಾ ಅನ್ನೋರು. ಅದು ಬಿದ್ದು ಬಿದ್ದು ನಗೋದು. ಆಮೇಲೇ ಅದಕ್ಕೆ ಹಾಕೋರು.' ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. 'ಅವರು ಹೋದ ಮೇಲೆ ಎಷ್ಟು ಸಲ ಅಂದುಕೊಂಡಿದೀನಿ, ಒಂದು ಚೂರು ತಿಂದಿದ್ರೆ ನನ್ನ ಗಂಟೇನು ಹೋಗ್ತಿತ್ತು ಅಂತ.'

ನಮ್ಮಮ್ಮ ಕಲಿಸಿದ ಮರ್ಯಾದೆ ಆ ಮಗುವಿನ ಕಣ್ಣಿಗೆ ಅವಳ ಅಪ್ಪನಿಗೆ ಮಾಡಿದ ಅವಮಾನವಾಗಿ ಕಂಡಿತ್ತು. ಅದೂ ಅವಳೇ ಒಂದೊಂದು ಚೂರು ನೆನಪು ತೆಗೆದುಕೊಟ್ಟು ಮಾಡಿಸಿದ ದೋಸೆ.

'ಅವಳು ಇಲ್ಲೇ ಇದ್ರೆ ನನಗೇನೋ ಸಂತೋಷಾನೇ' ಎಂದರು ಅತ್ತೆ. 'ಸುಳ್ಳು ಹೇಳಲ್ಲ. ಆದ್ರೆ ಈ ಕಾರಣಕ್ಕೆ ಬೇಡ. ಎದ್ದೇಳಿ, ಒಲೆ ಹಚ್ತೀನಿ.' ಜಗಲಿಯಿಂದಲೇ ಪಕ್ಕದ ಮನೆಯ ಕಡೆ ಮುಖ ಮಾಡಿ ಮೊಮ್ಮಗಳನ್ನು ಕೂಗಿದರು.

ಹುಡುಗಿ ಓಡಿ ಬಂದವಳು ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. ಡಬ್ಬಿಯ ಹಿಟ್ಟಿಗೆ ನಾನು ಬೆಲ್ಲ ಮಜ್ಜಿಗೆ ಕಲಸುತ್ತಿದ್ದೆ. ಅವಳ ಕಡೆ ನೋಡದೆಯೇ ಹೇಳಿದೆ. 'ನಮ್ಮನೇಲಿ ಮೊದಲ್ನೇದು ಯಾವಾಗ್ಲೂ ಹಸುಗೆ ಕೊಡೋದು. ಚೆನ್ನಾಗಿಲ್ಲದೇ ಇದ್ರೆ ಕೊಡಲ್ಲ. ಅವತ್ತು ಚೆನ್ನಾಗಿ ಬಂದಿತ್ತು, ಅದಕ್ಕೇ ಕೊಟ್ಟೆ. ನಿಂಗೆ ಮೊದಲೇ ಹೇಳ್ಬೇಕಿತ್ತು.'

ಅವಳು ಅಲ್ಲಿಂದಲೇ ಕೇಳಿದಳು. 'ಹಾಗಾದ್ರೆ ನೀವ್ಯಾಕೆ ತಿನ್ನಲ್ಲ?'

ನಾನು ಇನ್ನೊಂದು ಚೂರು ಬೆಲ್ಲ ಪುಡಿ ಮಾಡಿ ಹಿಟ್ಟಿಗೆ ಹಾಕಿದೆ.

'ಒಂದ್ಸಲಾನೂ ತಿನ್ನಲಿಲ್ಲ. ಅವಲಕ್ಕಿನೇ ತಿಂದ್ರಿ.'

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಹಸುವಿನ ವಿಷಯದಲ್ಲಿ ಅವಳು ತಪ್ಪು ತಿಳಿದಿದ್ದಳು, ನನ್ನ ವಿಷಯದಲ್ಲಿ ತಪ್ಪು ತಿಳಿದಿರಲಿಲ್ಲ. ಭಾನುವಾರಗಳುದ್ದಕ್ಕೂ ಅಷ್ಟೊಂದು ದೋಸೆ ಹೊಯ್ದವನು ಒಂದು ಚೂರು ರುಚಿ ನೋಡಿರಲಿಲ್ಲ. ನೋಡಬೇಕೆಂದು ಅನ್ನಿಸಿಯೂ ಇರಲಿಲ್ಲ. ನನ್ನ ಒಳಗೂ ಅದು ದನದ ತಿಂಡಿಯಾಗಿಯೇ ಇತ್ತು. ದೊಡ್ಡವರು ಯಾರೂ ಗಮನಿಸದ್ದನ್ನು ಅವಳು ಸ್ಟೂಲಿನ ಮೇಲಿಂದ ನೋಡಿದ್ದಳು.

'ಈಗ ತಿಂತೀನಿ' ಎಂದೆ.

ಅತ್ತೆ ಈರುಳ್ಳಿ ಹೆಚ್ಚಿ ಅರ್ಧ ಹೋಳಿಗೆ ಫೋರ್ಕ್ ಚುಚ್ಚಿ ಕೊಟ್ಟರು. ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಅಡುಗೆಮನೆಗೆ ಬಿಡದಿದ್ದರೂ ಬಾಗಿಲ ಸಂದಿಯಿಂದ ನೋಡಿರಬೇಕು. ಹಂಚು ಕಾದ ಮೇಲೆ ಅಂಗೈಯಗಲ ಹೊಯ್ದು ಮುಚ್ಚಿದೆ. ಹುಡುಗಿ ಮೆಲ್ಲಗೆ ಹತ್ತಿರ ಬಂದಳು. ಮುಚ್ಚಳ ತೆಗೆದಾಗ ಬಗ್ಗಿ ನೋಡಿ, 'ಇನ್ನೂ ತೂತು ಬಿದ್ದಿಲ್ಲ' ಎಂದಳು. ಮತ್ತೆ ಮುಚ್ಚಿದೆ. ಆಮೇಲೆ ಮಗುಚಿ, ಬೆಣ್ಣೆ ಸವರಿ, ತಟ್ಟೆಗೆ ಹಾಕಿಕೊಂಡು, ಒಲೆಯ ಮುಂದೆ ನಿಂತೇ ಒಂದು ತುಂಡು ಬಾಯಿಗಿಟ್ಟೆ.

ಕಚ್ಚಿದೆ. ಕಟ್ ಎನ್ನಲಿಲ್ಲ. ಅಂಚು ಗರಿಗರಿ, ಒಳಗೆ ಮೆತ್ತಗೆ, ಸಣ್ಣ ತರಿ ತರಿ. ಬೆಲ್ಲದ ಹಿಂದೆ ಇನ್ನೊಂದು ಸಿಹಿ ಇತ್ತು, ಅದು ಜೋಳದ್ದೇ. ಎಷ್ಟೋ ಲಾರಿ ಕಳಿಸಿದವನಿಗೆ ಆ ಸಿಹಿ ಗೊತ್ತಿರಲಿಲ್ಲ. ನುಂಗಿದೆ. ಹುಡುಗಿ ನನ್ನ ಗಂಟಲನ್ನೇ ನೋಡುತ್ತಿದ್ದಳು, ನಿಜವಾಗಿ ಇಳಿಯಿತೇ ಎಂದು. ಅಂಬಾ ಎನ್ನಬೇಕೆಂದು ಒಂದು ಗಳಿಗೆ ನಾಲಿಗೆ ತುದಿಗೆ ಬಂದಿತ್ತು. ಅನ್ನಲಿಲ್ಲ. ಅದು ಅವಳ ಅಪ್ಪನದು, ನಾನು ಎತ್ತಿಕೊಳ್ಳುವಂಥದ್ದಲ್ಲ. 'ಚೆನ್ನಾಗಿದೆ' ಎಂದೆ. 'ಇಷ್ಟು ದಿನ ತಿನ್ನದೆ ನಾನು ದಡ್ಡ ಆದೆ.' ಉಳಿದದ್ದನ್ನೂ ನಿಂತಲ್ಲೇ ತಿಂದು ಮುಗಿಸಿದೆ.

ಎರಡನೆಯದನ್ನು ಅವಳಿಗೆ ಕೊಟ್ಟೆ. ಅವಳು ಅದನ್ನು ಮುರಿದು, ಅರ್ಧವನ್ನು ಅಜ್ಜಿಯ ಕಡೆ ಚಾಚಿ ಕಾದಳು. ಅತ್ತೆ ಆ ತುಂಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಮೊದಲು ಒಂದು ಚೂರು, ಆಮೇಲೆ ದೊಡ್ಡ ತುತ್ತು. ಬಹಳ ಹೊತ್ತು ಅಗಿದರು. ಕಣ್ಣಲ್ಲಿ ನೀರಿತ್ತು.

'ಹೇಗಿದೆ ಅಜ್ಜಿ?'

ಅತ್ತೆ ನುಂಗಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಮೊಮ್ಮಗಳ ಕಡೆ ತಿರುಗಿ ಮೆಲ್ಲಗೆ, 'ಅಂಬಾ' ಎಂದರು.

ಹುಡುಗಿ ಬಾಯಿ ತುಂಬ ದೋಸೆ ಇಟ್ಟುಕೊಂಡೇ ನಕ್ಕಳು. ಅಷ್ಟು ತಿಂಗಳಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಕೆಮ್ಮು ಹತ್ತಿ, ನೀರು ಕುಡಿಸಿ, ಬೆನ್ನು ತಟ್ಟಬೇಕಾಯಿತು. ತಟ್ಟಿದ್ದು ನಾನು. ಈ ಸಲ ಭುಜ ಸರಿಸಲಿಲ್ಲ.

ಅತ್ತೆ ಸೌಟು ನನ್ನ ಕೈಯಿಂದ ತೆಗೆದುಕೊಂಡು ತಾವೇ ಮುಂದಿನದನ್ನು ಹೊಯ್ಯಲು ನಿಂತರು. ಹುಡುಗಿ ಬೆರಳಿನ ಬೆಣ್ಣೆ ನೆಕ್ಕುತ್ತ ಏನೋ ಯೋಚಿಸುತ್ತಿದ್ದಳು. ಆಮೇಲೆ ನನ್ನ ಹತ್ತಿರ ಬಂದು ನಿಂತಳು.

'ಇಲ್ನೋಡಿ. ಇನ್ಮೇಲೆ ಮೊದಲ್ನೇದು ನೀವು ತಿನ್ಬೇಕು. ಎರಡನೇದು ನನಗೆ. ಮೂರನೇದು ಹಸುಗೆ ಕೊಡಿ.'

'ಆಯ್ತು' ಎಂದೆ. ನಮ್ಮಮ್ಮ ಇದ್ದಿದ್ದರೆ ಹಸುವಿನ ಸರದಿ ಹಿಂದೆ ಹೋದದ್ದಕ್ಕೆ ಏನೆನ್ನುತ್ತಿದ್ದರೋ, ಅದನ್ನು ಆಮೇಲೆ ನೋಡಿಕೊಂಡರಾಯಿತು.

'ಅಮ್ಮಂಗೆ ಮುಚ್ಚಿಡೋಣ, ಡ್ಯೂಟಿಯಿಂದ ಬಂದ ಮೇಲೆ ತಿಂತಾಳೆ' ಎಂದಳು ಹುಡುಗಿ.

'ಮತ್ತೆ ನನಗೆ?' ಎಂದರು ಅತ್ತೆ, ಹಂಚಿನಿಂದ ಕಣ್ಣು ತೆಗೆಯದೆ. ತಮಾಷೆಗೆ ಕೇಳಿದವರ ಹಾಗೆ ಕೇಳಿದರು, ಆದರೆ ಅವರ ಕೈಯ ಮುಚ್ಚಳ ಅಲ್ಲೇ ನಿಂತಿತ್ತು.

ಹುಡುಗಿ ಅಜ್ಜಿಯ ಸೊಂಟವನ್ನು ಹಿಂದಿನಿಂದ ತಬ್ಬಿಕೊಂಡಳು.

'ನಿಂಗೆ, ನೀನು ನಮ್ಮನೆಗೆ ಬಂದಾಗ.'

ಅತ್ತೆ ತಲೆಯಾಡಿಸಿದರು. ಮುಚ್ಚಳ ತೆಗೆದು ನೋಡಿ, ತೂತು ಬಿದ್ದಿದೆ ಎಂದು ಹೇಳಿ, ದೋಸೆಯನ್ನು ಮಗುಚಿದರು.